ಬೊಡ್ಡೆಯ ಮೇಲಿನ ಅಣಬೆ

ಅಣ್ಣ ಯಾರ ಬಲವಂತವೂ ಇಲ್ಲದೆ ತಾನಾಗಿಯೇ ಕೋಣೆಯಿಂದ ಹೊರಗೆ ಬಂದದ್ದು ಹಿತ್ತಲಲ್ಲಿ ಅಣಬೆ ಎದ್ದ ದಿನ.

ಅದಕ್ಕೂ ಮುಂಚೆ ಅವನನ್ನು ಎಬ್ಬಿಸಿ, ಸ್ನಾನಕ್ಕೆ ಕಳಿಸಿ, ಎರಡು ತುತ್ತು ಒಳಗೆ ಹೋಗುವಂತೆ ಮಾಡುವುದೇ ಸಣ್ಣಿಗೆ ದಿನದ ದೊಡ್ಡ ಕೆಲಸವಾಗಿತ್ತು. ಸಣ್ಣಿ ಎಂಬುದು ಚಿಕ್ಕಂದಿನಲ್ಲಿ ಅಣ್ಣನೇ ಇಟ್ಟ ಹೆಸರು. ಮದುವೆಯಾಗಿ, ಮಗಳಾಗಿ, ಮೈಕೈ ತುಂಬಿಕೊಂಡು, ಊರಿನ ಅರ್ಧ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸಿಕೊಟ್ಟ ಮೇಲೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಅಣ್ಣ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವನು. ಅಚ್ಚಿಗೆ ಹೋಗುವ ಪುಟದಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ಅಂಗಡಿಗಳ ಬೋರ್ಡು ಓದಿಕೊಂಡು ಬೀದಿಯಲ್ಲಿ ನಡೆದರೆ ಮನೆ ತಲುಪುವಷ್ಟರಲ್ಲಿ ತಲೆನೋವು ಬಂದಿರುತ್ತಿತ್ತು. "ನಿಮ್ಮಣ್ಣ ನನ್ನ ಪ್ರೇಮಪತ್ರಾನೂ ತಿದ್ದಿ ವಾಪಸ್ ಕೊಟ್ಟಿದ್ರು ಕಣೇ" ಎಂದು ಅತ್ತಿಗೆ ಹೇಳಿ ಹೇಳಿ ನಗುತ್ತಿದ್ದಳು.

ಆ ಅತ್ತಿಗೆ ಕಾಯಿಲೆ ಬಿದ್ದು ತೀರಿಕೊಂಡಳು. ಅಣ್ಣ ಮೊದಲು ಕೆಲಸಕ್ಕೆ ಹೋಗುವುದನ್ನು ಬಿಟ್ಟ. ಆಮೇಲೆ ಬೀದಿಗೆ ಇಳಿಯುವುದನ್ನು ಬಿಟ್ಟ. ಕೊನೆಗೆ ಬಾಗಿಲು ತಟ್ಟಿದರೂ ತೆಗೆಯದೆ ಒಳಗೇ ಕೂತಿದ್ದವನನ್ನು ಸಣ್ಣಿ ಬಲವಂತದಿಂದ ತನ್ನ ಮನೆಗೆ ಕರೆತಂದು ಹಿತ್ತಲ ಕಡೆಯ ಕೋಣೆಯಲ್ಲಿ ಇರಿಸಿದಳು. ಅವನು ಯಾರಿಗೂ ಏನೂ ತೊಂದರೆ ಕೊಡಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಪಾಠ ಮುಗಿಸಿ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲು ಅವನ ಕೋಣೆಗೆ ಇಣುಕಿ, ಹೊದಿಕೆ ಉಸಿರಿಗೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದಳು. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಗಂಡ ರೈಲ್ವೆ ಗಾರ್ಡು. ವಾರದಲ್ಲಿ ಅರ್ಧ ಭಾಗ ರೈಲಿನ ಹಿಂದಿನ ಡಬ್ಬಿಯಲ್ಲೇ ಕಳೆಯುತ್ತಿದ್ದ.

ಹಿತ್ತಲಲ್ಲಿದ್ದ ಹಳೆಯ ಮರದ ಬೇರು ಮನೆಯ ಪಾಯಕ್ಕೆ ನುಗ್ಗುತ್ತಿದೆ ಎಂದು ಅದನ್ನು ಕಡಿಸಿ ಕೆಲವು ವರ್ಷಗಳಾಗಿದ್ದವು. ಬೊಡ್ಡೆ ಮಾತ್ರ ಉಳಿದು, ಒಂದು ಕಡೆ ಒಣಗಿ ಬಿರುಕು ಬಿಟ್ಟು, ಗೋಡೆಯ ಕಡೆಗೆ ಪಾಚಿ ಹಿಡಿದು ಕೂತಿತ್ತು. ಒಂದೇ ಸಮನೆ ಹಿಡಿದಿದ್ದ ಮಳೆ ಬಿಟ್ಟ ಒಂದು ಬೆಳಗ್ಗೆ ಸಣ್ಣಿಯ ಪುಟ್ಟ ಮಗಳು ಗುಬ್ಬಿ ಅಣ್ಣನ ಕೋಣೆಯ ಕಿಟಕಿಯ ಸರಳು ಹಿಡಿದು ಕೂಗಿದಳು:

"ಮಾಮಾ, ಬೊಡ್ಡೆಗೆ ಛತ್ರಿ ಬಂದಿದೆ!"

ಅಣ್ಣ ಬನಿಯನ್ನಿನಲ್ಲೇ ಹೊರಗೆ ಬಂದ. ಜೇನಿನ ಬಣ್ಣದ ಅಣಬೆಗಳು ಬೊಡ್ಡೆಯ ತುಂಬ ಗೊಂಚಲು ಗೊಂಚಲಾಗಿ ಎದ್ದಿದ್ದವು. ಅವನು ಒದ್ದೆ ಮಣ್ಣಿನಲ್ಲಿ ಮಂಡಿಯೂರಿ ಕೂತ. ಸಣ್ಣಿ ಅಡುಗೆಮನೆಯ ಬಾಗಿಲಲ್ಲಿ ಸದ್ದು ಮಾಡದೆ ನಿಂತಳು. ಮಾತಾಡಿಸಿದರೆ ಎಲ್ಲಿ ಎದ್ದು ಒಳಗೆ ಹೋಗಿಬಿಡುತ್ತಾನೋ ಎಂಬ ಭಯ.

"ಇದು ಯಾವ ಜಾತಿದು ಅಂತ ಕಂಡುಹಿಡೀಬೇಕಲ್ಲ" ಎಂದ ಅಣ್ಣ, ತನಗೆ ತಾನೇ.

ಅಂದಿನಿಂದ ಅದೇ ಅವನ ಕೆಲಸವಾಯಿತು. ಗಡ್ಡ ಬೋಳಿಸಿಕೊಂಡ. ಹಳೆಯ ಪೆಟ್ಟಿಗೆಯಿಂದ ಭೂತಗನ್ನಡಿ ತೆಗೆದ. ಗ್ರಂಥಾಲಯಕ್ಕೆ ಹೋಗಿ ಚಿತ್ರಗಳಿದ್ದ ದಪ್ಪ ಪುಸ್ತಕಗಳನ್ನು ತಂದ. ಫೋನಿನಲ್ಲಿ ಅಣಬೆಯ ಹುಚ್ಚಿನವರದ್ದೇ ಒಂದು ಗುಂಪು ಸೇರಿಕೊಂಡ. ಅಣಬೆಯ ಟೊಪ್ಪಿಯನ್ನು ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಮೇಲೊಂದು ಬಟ್ಟಲು ಮುಚ್ಚಿಟ್ಟು, ಮರುದಿನ ತೆಗೆದು ತೋರಿಸಿದ. ಕಾಗದದ ಮೇಲೆ ಬಿಳಿಯ ಪುಡಿ ಉದುರಿ, ಬೈತಲೆ ತೆಗೆದಂಥ ಗೆರೆಗಳ ಒಂದು ಚಕ್ರ ಮೂಡಿತ್ತು.

"ಅಣಬೆ ತಾನೇ ಅಚ್ಚು ಹಾಕ್ಕೊಂಡಿದೆ ನೋಡು ಸಣ್ಣಿ. ಮುದ್ರಣದೋಷಾನೇ ಇಲ್ಲ" ಎಂದು ನಕ್ಕ.

ಅತ್ತಿಗೆ ಹೋದ ಮೇಲೆ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ಸಣ್ಣಿ ಏನೋ ನೆಪ ಹೇಳಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

"ಭಾವ ಎದ್ದು ಓಡಾಡ್ತಿದಾರಲ್ಲ, ಅಷ್ಟು ಸಾಕು. ಅಣಬೆ ಆದ್ರೇನು, ಅಣೆಕಟ್ಟು ಆದ್ರೇನು" ಎಂದ ಗಂಡ.

ಆದರೆ ಅಣ್ಣನ ಓದು ನಿಧಾನವಾಗಿ ಅಡುಗೆಮನೆಯ ಕಡೆಗೆ ತಿರುಗಿತು. ಇವು ಚೆನ್ನಾಗಿ ಬೇಯಿಸಿ ತಿನ್ನಬಹುದಾದ ಜಾತಿ, ಎಷ್ಟೋ ಕಡೆ ಬುಟ್ಟಿಗಟ್ಟಲೆ ಮಾರುತ್ತಾರೆ ಎನ್ನತೊಡಗಿದ. ಫೋನಿನ ಗುಂಪಿನವರೂ ಹಾಗೇ ಹೇಳಿದರಂತೆ.

"ಅವ್ರೆಲ್ಲ ಯಾರೋ, ಎಲ್ಲಿಯವ್ರೋ. ಫೋಟೋ ನೋಡಿ ಹೇಳೋದನ್ನ ನಂಬ್ಕೊಂಡು ಬಾಯಿಗೆ ಹಾಕ್ಕೊಳ್ಳೋಕಾಗುತ್ತಾ?"

"ಅವರನ್ನ ನಂಬು ಅಂದ್ನಾ? ನಾನು ನೋಡಿದೀನಿ ಸಣ್ಣಿ. ಬಣ್ಣ, ಕಾಂಡದ ಉಂಗುರ, ಪುಡಿ, ವಾಸನೆ, ಎಲ್ಲ ತಾಳೆ ಆಗುತ್ತೆ."

ಒಂದು ಸಂಜೆ, ಹಿಂದಿನ ದಿನವೇ ಒಂದು ಚೂರು ಬೇಯಿಸಿ ತಿಂದಿದ್ದೆ ಎಂದು ಅವನು ತಣ್ಣಗೆ ಹೇಳಿದ. ಸಣ್ಣಿ ಬಾಯಿಗೆ ಬಂದಂತೆ ಬೈದಳು. "ನೋಡು, ಬದುಕೇ ಇದೀನಲ್ಲ" ಎಂದು ಅವನು ಎರಡೂ ಕೈ ಚಾಚಿ ತೋರಿಸಿದ. ಆಗಲೇ ಬೊಡ್ಡೆಯನ್ನು ಅಗೆಸಿ ಹಾಕಬೇಕಿತ್ತು. ಆದರೆ ಅದನ್ನು ಅಗೆಸಿದ ಮೇಲೆ ಅವನು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದರೆ? ಅವಳು ಸುಮ್ಮನಾದಳು.

ಆ ಭಾನುವಾರ ಗಂಡ ಡ್ಯೂಟಿಯ ಮೇಲೆ ಹೋಗಿದ್ದ. ಸಣ್ಣಿಗೆ ಬೆಳಗ್ಗೆಯಿಂದ ಪಾಠಗಳಿದ್ದವು. ಒಬ್ಬಳು ಕಲಿಯುವವಳು ಗೇರು ಬದಲಿಸುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ತನ್ನ ಕಡೆಯ ಬ್ರೇಕನ್ನು ಒತ್ತಿ ಒತ್ತಿ ಸಣ್ಣಿಯ ಕಾಲು ಸೋತುಹೋಗಿತ್ತು. ಮಧ್ಯಾಹ್ನ ಮನೆಗೆ ಬಂದಾಗ ಊಟದ ಮೇಜು ಒರೆಸಿ ಸಿದ್ಧವಾಗಿತ್ತು. ಅಣ್ಣ ಅತ್ತಿಗೆಯ ಕಾಲದಲ್ಲಿ ಹಾಕಿಕೊಳ್ಳುತ್ತಿದ್ದ ನೀಲಿ ಅಂಗಿ ತೊಟ್ಟಿದ್ದ. ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸಿನ ಜೊತೆ ಬಾಡಿಸಿದ ಅಣಬೆ, ಮನೆಯೆಲ್ಲ ಘಮಘಮ. ಗುಬ್ಬಿ ಆಗಲೇ ತಟ್ಟೆಯ ಮುಂದೆ ಕೂತಿದ್ದಳು. ಅಣ್ಣ ಸೌಟು ತುಂಬಿ ಅವಳ ತಟ್ಟೆಗೆ ಬಡಿಸುತ್ತಿದ್ದ.

ಸಣ್ಣಿ ಚಪ್ಪಲಿಯಲ್ಲೇ ಒಳಗೆ ಓಡಿಬಂದು ತಟ್ಟೆಯನ್ನು ಕಿತ್ತುಕೊಂಡಳು. ಗುಬ್ಬಿ ಹೆದರಿ ಅಳಲು ಶುರು ಮಾಡಿದಳು.

"ಇಷ್ಟು ದಿನದಿಂದ ನೋಡ್ತಿದೀನಿ ಅಂತ ಹೇಳ್ತಾನೇ ಇದೀನಲ್ಲ" ಎಂದ ಅಣ್ಣ. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಂಗೆ?"

"ತಲೆ ನೆಟ್ಟಗಿರೋನು ಹೇಳಿದ್ರೆ ನಂಬ್ತಿದ್ದೆ."

ಮಾತು ಆಡಿದ ಕ್ಷಣವೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ಎನ್ನಿಸಿತು. ಅಣ್ಣ ಗುಬ್ಬಿಗೆ ಬಡಿಸಿದ್ದನ್ನು ತನ್ನ ತಟ್ಟೆಗೆ ಸುರಿದುಕೊಂಡ. ಬಾಣಲೆಯಲ್ಲಿದ್ದುದನ್ನೂ ಹಾಕಿಕೊಂಡ. ಅನ್ನ ಕಲಸಿಕೊಂಡು, ತಲೆ ಎತ್ತದೆ, ಎಲ್ಲವನ್ನೂ ತಿಂದು ಮುಗಿಸಿದ. ಬಾಣಲೆ ತಿಕ್ಕಿ ತೊಳೆದು ಕವುಚಿ ಹಾಕಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಸಣ್ಣಿಗೆ ಸಿಟ್ಟು ಇಳಿಯಲಿಲ್ಲ. ಅದು ಅವನ ಮೇಲೋ, ತನ್ನ ನಾಲಿಗೆಯ ಮೇಲೋ ಗೊತ್ತಾಗದೆ ಅಣಬೆಯ ಮೇಲೆ ತೀರಿಸಿಕೊಂಡಳು. ಗುದ್ದಲಿ ತೆಗೆದುಕೊಂಡು ಬೊಡ್ಡೆಯ ಮೇಲೆ ಉಳಿದಿದ್ದ ಒಂದೊಂದನ್ನೂ ಕೆರೆದು, ಚೀಲಕ್ಕೆ ತುಂಬಿ ಕಸದ ಡಬ್ಬಕ್ಕೆ ಹಾಕಿದಳು. ಬೊಡ್ಡೆಯ ಮೇಲೆ ಒಂದು ಹಂಡೆ ಕುದಿಯುವ ನೀರು ಸುರಿದಳು. ಮರುದಿನ ಬೆಳಗ್ಗೆ ಕಸದ ಗಾಡಿ ಬಂದು ಅಷ್ಟನ್ನೂ ಒಯ್ದಿತು.

ಗಾಡಿ ಬೀದಿಯ ತಿರುವು ದಾಟುವಷ್ಟರಲ್ಲಿ ಬಚ್ಚಲಿನಿಂದ ಅಣ್ಣ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು.

ವಾಂತಿ, ಭೇದಿ ನಿಲ್ಲುತ್ತಲೇ ಇರಲಿಲ್ಲ. ಮೈಯ ನೀರೆಲ್ಲ ಬಸಿದುಹೋಗಿ ತುಟಿ ಬಿಳಿಚಿಕೊಂಡಿತ್ತು. ಸಣ್ಣಿ ಅವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹತ್ತಿರದ ಆಸ್ಪತ್ರೆಗೆ ಸೇರಿಸಿ, ಅಣಬೆ ತಿಂದದ್ದನ್ನು ಹೇಳಿದಳು. ಡ್ರಿಪ್ ಹಾಕಿದರು. ಮರುದಿನದ ಹೊತ್ತಿಗೆ ವಾಂತಿ, ಭೇದಿ ಎರಡೂ ನಿಂತವು. ಅಣ್ಣ ದಿಂಬಿಗೆ ಒರಗಿ ಕೂತು ಗಂಜಿ ಕುಡಿದ. ಸಣ್ಣಿಗೆ ಹೋದ ಜೀವ ಬಂದ ಹಾಗಾಯಿತು. ಮನೆಗೆ ಕರೆದೊಯ್ಯಬಹುದೇ ಎಂದು ಕೇಳಲು ಹೋದರೆ, ವಾರ್ಡಿನ ಡಾಕ್ಟರು ಅವಳನ್ನು ಮೊಗಸಾಲೆಗೆ ಕರೆದರು. ಇನ್ನೂ ಎಳೆಯ ಮುಖದ ಹುಡುಗಿ, ನಿದ್ದೆಗೆಟ್ಟ ಕಣ್ಣು.

"ರಕ್ತಪರೀಕ್ಷೆ ಬಂದಿದೆ. ಲಿವರ್ ಕೆಡ್ತಾ ಇದೆ."

"ಹೊಟ್ಟೆ ಸರಿಹೋಗಿದೆಯಲ್ಲ ಡಾಕ್ಟ್ರೇ. ಗಂಜಿ ಕುಡಿದ್ರು ಈಗ."

"ಕೆಲವು ಅಣಬೆಗಳಲ್ಲಿ ಅದೇ ಮೋಸ. ಮಧ್ಯೆ ಒಂದು ದಿನ ಆರಾಮಾದ ಹಾಗೆ ಕಾಣುತ್ತೆ, ಒಳಗೆ ಬೇರೇನೇ ನಡೀತಿರುತ್ತೆ. ಔಷಧ ಶುರು ಮಾಡಿದೀವಿ. ಆದ್ರೆ ಅದು ಯಾವ ಅಣಬೆ ಅಂತ ಗೊತ್ತಾದ್ರೆ ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾ ಅನ್ನೋದನ್ನ ನಿರ್ಧಾರ ಮಾಡ್ಬಹುದು. ಉಳಿದಿದ್ರೆ ತನ್ನಿ. ಒಂದು ಚೂರಾದ್ರೂ ಸಾಕು."

"ಎಲ್ಲಾ ಕಿತ್ತುಹಾಕ್ಬಿಟ್ಟೆ" ಎಂದಳು.

ಡಾಕ್ಟರು ದನಿ ತಗ್ಗಿಸಿ ಕೇಳಿದರು: "ಇನ್ನೊಂದು ಮಾತು. ಅವ್ರು ಮನಸ್ಸಿಗೆ ಏನಾದ್ರೂ ಹಚ್ಕೊಂಡಿದ್ರಾ? ತಿಳಿದೂ ತಿಳಿದೂ ತಿಂದಿರಬಹುದು ಅಂತ ನಿಮಗೇನಾದ್ರೂ..."

ಸಣ್ಣಿ "ಇಲ್ಲ" ಎಂದಳು. ಮೆಟ್ಟಿಲಿಳಿದು ಕಾರಿನ ಬಾಗಿಲು ಹಾಕಿಕೊಂಡಾಗ ಆ ಪ್ರಶ್ನೆಯೂ ಅವಳ ಜೊತೆಯೇ ಒಳಗೆ ಬಂದು ಕೂತಿತ್ತು. ನೀಲಿ ಅಂಗಿ ಯಾಕೆ ಹಾಕಿಕೊಂಡಿದ್ದ? ತಲೆ ಎತ್ತದೆ ಅಷ್ಟನ್ನೂ ಯಾಕೆ ತಿಂದ? ಅಕ್ಷರದ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಕಣ್ಣಿಗೆ ವಿಷ ಕಾಣಲಿಲ್ಲವೇ?

ಮನೆಗೆ ಬಂದವಳು ನೇರವಾಗಿ ಹಿತ್ತಲಿಗೆ ಹೋದಳು. ಬೊಡ್ಡೆ ಸೋಪು ಹಾಕಿ ತೊಳೆದ ಹಾಗೆ ಬೋಳಾಗಿತ್ತು. ಮಂಡಿಯೂರಿ ಸುತ್ತ ತಡಕಾಡಿದರೆ ಬೆಂದು ಕೊಳೆತ ಲೋಳೆಯ ಹೊರತು ಏನೂ ಸಿಗಲಿಲ್ಲ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡದ ತನ್ನ ಅಭ್ಯಾಸದ ಮೇಲೆ ಅವಳಿಗೆ ಮೊದಲ ಸಲ ಅಸಹ್ಯವಾಯಿತು. ಅಡುಗೆಮನೆಯಲ್ಲಿ ಬಾಣಲೆ ಫಳಫಳ ಹೊಳೆಯುತ್ತಿತ್ತು. ಗುಬ್ಬಿಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಗಂಡ, ಸುದ್ದಿ ತಿಳಿದು ಡ್ಯೂಟಿಯಿಂದ ಹಾಗೇ ಓಡಿಬಂದಿದ್ದ. ಯೂನಿಫಾರ್ಮು ಇನ್ನೂ ಬಿಚ್ಚಿರಲಿಲ್ಲ.

"ಭಾವ ಅದನ್ನ ಎಲ್ಲಿ ಕೂತ್ಕೊಂಡು ಹೆಚ್ಚಿದ್ರು?" ಎಂದು ಕೇಳಿದ.

"ಗೊತ್ತಿಲ್ಲ ರೀ. ನಾನು ಇರ್ಲಿಲ್ಲ."

"ತೊಳೆಯೋದಂತೂ ತೊಳ್ದಿರ್ತಾರೆ. ಮಣ್ಣು ಮೆತ್ತಿರೋದನ್ನ ಒಳಗೆ ತರೋ ಪೈಕಿ ಅಲ್ಲ ಅವ್ರು. ಹಿತ್ತಲ ನಲ್ಲಿ ನೋಡಿದ್ಯಾ?"

ನಲ್ಲಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಪಕ್ಕ ಚರಂಡಿಗೆ ಒಂದು ಜಾಲರಿ. ಸಣ್ಣಿ ಜಾಲರಿ ಕಿತ್ತು ತೋಳಿನವರೆಗೂ ಕೈ ಇಳಿಬಿಟ್ಟಳು. ಸೋಪಿನ ಕೆಸರು, ಕೂದಲು, ಎಲೆ. ಅದರ ಜೊತೆಗೆ ಅಣ್ಣ ಗಟ್ಟಿಯಾಗಿವೆಯೆಂದು ಕತ್ತರಿಸಿ ಎಸೆದ ಕಾಂಡದ ತುಂಡುಗಳು, ಹರಿದ ಟೊಪ್ಪಿಗಳ ಚೂರುಗಳು. ಒಂದೊಂದನ್ನೇ ಆರಿಸಿ ಒದ್ದೆ ಕಾಗದದಲ್ಲಿ ಸುತ್ತಿ ಊಟದ ಡಬ್ಬಿಗೆ ಹಾಕಿಕೊಂಡಳು. ಅಷ್ಟರಲ್ಲಿ ಡಾಕ್ಟರು ಫೋನು ಮಾಡಿ, ಕೃಷಿ ಕಾಲೇಜಿನಲ್ಲಿ ಅಣಬೆಯ ವಿಷಯ ಬಲ್ಲ ಪ್ರಾಧ್ಯಾಪಕಿಯೊಬ್ಬರು ಕಾಯುತ್ತಿದ್ದಾರೆ ಎಂದರು.

ಊರಾಚೆಯ ಕಾಲೇಜಿಗೆ ಅವಳು ಕಾರು ಓಡಿಸಿದ ರೀತಿಯನ್ನು ಕಲಿಯುವವರು ಯಾರಾದರೂ ನೋಡಿದ್ದರೆ ಮರುದಿನವೇ ಬೇರೆ ಸ್ಕೂಲು ಸೇರುತ್ತಿದ್ದರು. ಕಾರಿನ ನೆತ್ತಿಯ ಮೇಲೆ ಕಲಿಕೆಯ ಕೆಂಪು ಬೋರ್ಡು. ಹಿಂದಿನಿಂದ ಬಂದ ಲಾರಿಯವನೊಬ್ಬ ಪಕ್ಕಕ್ಕೆ ಬಂದು, "ಅಕ್ಕಾ, ಮೊದ್ಲು ಬ್ರೇಕ್ ಎಲ್ಲಿದೆ ಅಂತ ಕಲೀರಿ!" ಎಂದು ಕೂಗಿ ಹೋದ.

ಪ್ರಾಧ್ಯಾಪಕಿ ನರೆಗೂದಲನ್ನು ಗಂಟು ಹಾಕಿಕೊಂಡಿದ್ದ, ಮಿತವಾಗಿ ಮಾತಾಡುವ ಹೆಂಗಸು. ಡಬ್ಬಿಯಲ್ಲಿದ್ದುದನ್ನು ಬಿಳಿ ತಟ್ಟೆಯ ಮೇಲೆ ಸುರಿದು ಚಿಮಟದಿಂದ ಬೇರೆ ಮಾಡುತ್ತ ಹೋದರು. ಆ ಕೋಣೆಯಲ್ಲಿ ಗೋಡೆಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ತಟ್ಟೆಯ ಒಂದು ಕಡೆ ಗುಡ್ಡೆ ದೊಡ್ಡದಾಗುತ್ತಿತ್ತು. ಇನ್ನೊಂದು ಕಡೆ ಒಂದೋ ಎರಡೋ ಚೂರು ಮಾತ್ರ.

"ಈ ಗುಡ್ಡೆ ತಿನ್ನೋ ಜಾತಿ. ಇದರಿಂದ ಏನೂ ಆಗಲ್ಲ" ಎಂದರು.

ಸಣ್ಣಿ ಉಸಿರು ಬಿಟ್ಟಳು.

"ಇದು ಬೇರೆ." ಅವರು ಸಣ್ಣ ಚೂರುಗಳನ್ನು ಚಿಮಟದಿಂದ ಮುಟ್ಟಿದರು. "ಕಾಂಡ ತೆಳ್ಳಗಿದೆ, ಬುಡ ಕಪ್ಪಗಿದೆ, ಟೊಪ್ಪಿಯ ಅಡಿಭಾಗ ತುಕ್ಕಿನ ಬಣ್ಣ. ಬೊಡ್ಡೆ ಮೇಲೆ ಪಾಚಿ ಇತ್ತಾ?"

"ಗೋಡೆ ಕಡೆಗೆ ಇತ್ತು."

"ಅಲ್ಲಿ ಬೆಳೆದಿದೆ. ಒಂದೇ ಬೊಡ್ಡೆ, ಎರಡು ಜಾತಿ. ಮಳೆಗೆ ನೆಂದಾಗ ಎರಡೂ ಒಂದೇ ಥರ ಕಾಣುತ್ವೆ." ಸೂಕ್ಷ್ಮದರ್ಶಕದಲ್ಲಿ ತುಂಬ ಹೊತ್ತು ನೋಡಿ ತಲೆಯೆತ್ತಿದರು. "ಹೌದು, ಲಿವರ್ ತಿನ್ನೋದು ಇದೇ. ನಿಮ್ಮ ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ."

ಅವರು ಫೋನು ಕೆಳಗಿಡುವವರೆಗೂ ಸಣ್ಣಿ ಕಾದಳು. ಆಮೇಲೆ ಕೇಳಿದಳು: "ಮೇಡಂ, ಅಣಬೆ ಬಗ್ಗೆ ತುಂಬ ಓದಿರೋರಿಗೆ, ಭೂತಗನ್ನಡಿ ಇಟ್ಕೊಂಡು ನೋಡೋರಿಗೆ, ಈ ವ್ಯತ್ಯಾಸ ಕಾಣಿಸುತ್ತಾ?"

"ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡಿದ್ರೆ ಕಾಣಿಸ್ಬೇಕು" ಎಂದರು ಅವರು.

ಸಣ್ಣಿ ಖಾಲಿ ಡಬ್ಬಿಯ ಮುಚ್ಚಳ ಹಾಕಿಕೊಂಡು ಹೊರಟಳು.

ಆ ಸಂಜೆಯೇ ಅಣ್ಣನನ್ನು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅವನ ಕಣ್ಣಿನ ಬಿಳಿ ಹಳದಿಯಾಯಿತು, ಆಮೇಲೆ ಚರ್ಮ. ಮಾತು ಅಲ್ಲಲ್ಲಿ ತೊದಲುತ್ತಿತ್ತು. ಡಾಕ್ಟರುಗಳು ದಿನಾ ಬಂದು, ಇನ್ನೂ ಹೇಳಲಾಗುವುದಿಲ್ಲ ಎಂದು ಹೇಳಿಹೋಗುತ್ತಿದ್ದರು. ಲಿವರು ಪೂರ್ತಿ ಕೈಕೊಟ್ಟರೆ ರಕ್ತಸಂಬಂಧಿಯೊಬ್ಬರು ತಮ್ಮದರಲ್ಲಿ ಒಂದು ಭಾಗ ಕೊಡಬೇಕಾಗಬಹುದು ಎಂದರು. "ನಾನು ಕೊಡ್ತೀನಿ" ಎಂದು ಸಣ್ಣಿ ಅವರ ಮಾತು ಮುಗಿಯುವ ಮೊದಲೇ ಹೇಳಿಬಿಟ್ಟಳು. ಆಮೇಲೆ ಮೊಗಸಾಲೆಯ ಬೆಂಚಿನ ಮೇಲೆ ಕೂತಾಗ, ತನಗೇನಾದರೂ ಆದರೆ ಗುಬ್ಬಿಯ ಗತಿ ಏನು ಎನ್ನಿಸಿತು. ಸಾಯಬೇಕು ಅಂತಲೇ ತಿಂದವನಿಗೆ ನಾನು ಯಾಕೆ ಕೊಡಬೇಕು ಎಂಬ ಯೋಚನೆಯೂ ಒಮ್ಮೆ ಸುಳಿದುಹೋಯಿತು. ಅದು ತನ್ನದೇ ಯೋಚನೆ ಎಂದು ಒಪ್ಪಿಕೊಳ್ಳಲು ಅವಳಿಗೆ ಕಷ್ಟವಾಯಿತು.

ಇನ್ನು ತಡೆಯಲಾರದೆ ಒಂದು ಮಧ್ಯಾಹ್ನ, ಅವನ ಕಣ್ಣು ಸ್ವಲ್ಪ ತಿಳಿಯಾಗಿದ್ದಾಗ, ಹಾಸಿಗೆಯ ಹತ್ತಿರ ಬಗ್ಗಿ ಕೇಳಿಯೇಬಿಟ್ಟಳು.

"ಅಣ್ಣಾ, ನಿಜ ಹೇಳು. ಗೊತ್ತಿದ್ದೇ ತಿಂದ್ಯಾ?"

ಅವನು ಅರ್ಥವಾಗದವನಂತೆ ನೋಡಿದ. ಅರ್ಥವಾದ ಮೇಲೆ ಅವನ ಮುಖದಲ್ಲಿ ಬಂದದ್ದು ದುಃಖವಲ್ಲ, ಗಾಬರಿ.

"ಗುಬ್ಬಿಗೆ ಬಡಿಸಿದ್ದೆನಲ್ಲೇ" ಎಂದ. "ಮೊದಲು ಅವಳ ತಟ್ಟೆಗೇ ಹಾಕಿದ್ದೆ."

ಸಣ್ಣಿ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಹೌದು, ಬಡಿಸಿದ್ದ. ಗೊತ್ತಿದ್ದರೆ ಬಡಿಸುತ್ತಿರಲಿಲ್ಲ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿತು. ಉರುಳಿದ ಜಾಗದಲ್ಲಿ ಧಗ್ಗನೆ ಸಿಟ್ಟು ಹೊತ್ತಿಕೊಂಡಿತು.

"ಗೋಡೆ ಕಡೆಯವನ್ನ ನೋಡಿದ್ಯಾ? ಒಂದೊಂದನ್ನೂ ನೋಡಿದ್ಯಾ?"

"ಇಲ್ಲ." ಅವನ ದನಿ ಕೇಳಿಸದಷ್ಟು ಸಣ್ಣಗಿತ್ತು. "ಒಂದು ಗೊಂಚಲು ನೋಡ್ದೆ. ಮಿಕ್ಕಿದ್ದೂ ಅದೇ ಅಂದ್ಕೊಂಡೆ. ಅವತ್ತು ಎಲ್ರೂ ಒಟ್ಟಿಗೆ ಊಟ ಮಾಡೋಣ ಅಂತ... ಆತುರ ಆಗಿತ್ತು ಸಣ್ಣಿ. ತುಂಬ ಖುಷಿಯಾಗಿದ್ದೆ."

ಸಣ್ಣಿ ಮುಖಕ್ಕೆ ಸೆರಗು ಒತ್ತಿಕೊಂಡಳು. ಅವನಿಗೆ ಹೊಡೆಯಬೇಕೋ, ಅವನನ್ನು ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಕೊನೆಗೆ ಸೂಜಿ ಚುಚ್ಚಿರದ ಕೈಯನ್ನು ಹಿಡಿದುಕೊಂಡಳು. "ತಲೆ ನೆಟ್ಟಗಿಲ್ಲ ಅಂದಿದ್ದು ತಪ್ಪಾಯ್ತು" ಎಂದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ಕೇಳಿಸಿತೋ ಇಲ್ಲವೋ.

ಅವಳ ಲಿವರನ್ನು ಕೊಯ್ಯುವ ಪ್ರಸಂಗ ಬರಲಿಲ್ಲ. ಕೆಲವು ದಿನಗಳ ನಂತರ ರಕ್ತಪರೀಕ್ಷೆ ಕೆಡುವುದು ನಿಂತಿತು, ಆಮೇಲೆ ನಿಧಾನವಾಗಿ ಸುಧಾರಿಸಿತು. ಬಟ್ಟೆ ಹ್ಯಾಂಗರಿನಂಥ ಭುಜ ಹೊತ್ತು ಅಣ್ಣ ಮನೆಗೆ ಬಂದ. ಅಷ್ಟರಲ್ಲಿ ಗಂಡ ಆಳುಗಳನ್ನು ಕರೆಸಿ ಬೊಡ್ಡೆಯನ್ನು ಬೇರುಸಹಿತ ಅಗೆಸಿ, ಗುಂಡಿಗೆ ಮಣ್ಣು ತುಂಬಿಸಿದ್ದ. ಅಣ್ಣ ಕಿಟಕಿಯಿಂದ ಒಮ್ಮೆ ಆ ಕಡೆ ನೋಡಿದ.

ಎಲ್ಲರೂ ಹೆದರಿದ್ದಂತೆ ಅವನು ಮತ್ತೆ ಗೋಡೆಗೆ ಮುಖ ಮಾಡಲಿಲ್ಲ. ಬೆಳಗ್ಗೆ ಏಳುತ್ತಿದ್ದ, ಸ್ನಾನ ಮಾಡುತ್ತಿದ್ದ. ಆದರೆ ಅಡುಗೆಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ಗುಬ್ಬಿ ನೀರು ಕೇಳಿದರೆ, "ಅಮ್ಮನ್ನ ಕೇಳು ಕಂದಾ" ಎನ್ನುತ್ತಿದ್ದ. ಒಂದು ದಿನ ಅವನು ಬಾಳೆಹಣ್ಣು ಸುಲಿದು ಮಗುವಿಗೆ ಕೊಡುತ್ತಿರುವುದು ಕಂಡು ಸಣ್ಣಿ ತನಗೇ ಅರಿವಿಲ್ಲದೆ ಎರಡು ಹೆಜ್ಜೆ ಮುಂದೆ ಬಂದುಬಿಟ್ಟಳು. ಬಾಳೆಹಣ್ಣು! ಅಣ್ಣ ಅವಳ ಕಾಲನ್ನು ನೋಡಿದ. ಆಮೇಲೆ ಮುಖವನ್ನು ನೋಡಿದ.

ಆ ವಾರವೇ ಅವನು ಹಳೆಯ ಮುದ್ರಣಾಲಯಕ್ಕೆ ಹೋಗಿಬಂದ. ಅರ್ಧ ದಿನದ ಕೆಲಸ ಕೊಡುತ್ತಾರಂತೆ, ಹತ್ತಿರದಲ್ಲೇ ಒಂದು ಕೋಣೆಯನ್ನೂ ನೋಡಿದ್ದೇನೆ ಎಂದ.

"ಇಲ್ಲೇ ಇರು ಅಣ್ಣಾ. ಒಬ್ನೇ ಹೇಗಿರ್ತೀಯ?"

"ಇರ್ತೀನಿ. ಇಲ್ಲಿದ್ರೆ ನೀನು ನನ್ನ ಕೈನೇ ನೋಡ್ತಿರ್ತೀಯ."

ಇಲ್ಲ ಎನ್ನಲು ಸಣ್ಣಿ ಬಾಯಿ ತೆರೆದಳು. ಸುಳ್ಳು ಹೊರಡಲಿಲ್ಲ.

ಅವನ ಸಾಮಾನನ್ನು ಅವಳೇ ಕಾರಿನಲ್ಲಿ ಸಾಗಿಸಿದಳು. ಮಹಡಿಯ ಮೇಲಿನ ಒಂದು ಕೋಣೆ. ಬೀದಿಗೆ ತೆರೆಯುವ ಕಿಟಕಿ, ಮೂಲೆಯಲ್ಲಿ ಒಂದು ಒಲೆ. ಅವಳು ಹಾಸಿಗೆ ಬಿಡಿಸಿ, ಕಪಾಟು ಒರೆಸಿ, ಪುಸ್ತಕ ಜೋಡಿಸಿದಳು. ಹೊರಡುವ ಹೊತ್ತಿಗೆ ಅಣ್ಣ ಒಲೆಯ ಪಕ್ಕ ನಿಂತು, ಅವಳ ಕಡೆ ನೋಡದೆ ಕೇಳಿದ:

"ಚಹಾ ಮಾಡ್ಲಾ?"

"ಮಾಡು" ಎಂದಳು.

ಅವನು ನೀರಿಟ್ಟ, ಚಹಾಪುಡಿ ಹಾಕಿದ, ಸಕ್ಕರೆ ಹಾಕಿದ. ಒಂದೊಂದು ಡಬ್ಬಿಯನ್ನೂ ತೆರೆದು ಮೂಸಿ ನೋಡಿಯೇ ಹಾಕಿದ. ಸಣ್ಣಿ ಕಿಟಕಿಯ ಕಡೆ ತಿರುಗಿ, ಕೆಳಗೆ ಹೋಗಿಬರುವವರನ್ನು ನೋಡುತ್ತ ನಿಂತಳು. ತಿರುಗಿ ನೋಡದಿರುವುದು ಬಹಳ ಕಷ್ಟವಾಗಿತ್ತು. ಲೋಟ ಕೈಗೆ ಬಂದಾಗ ಆರಲು ಬಿಡದೆ ಗುಟುಕರಿಸಿದಳು. ನಾಲಿಗೆ ಸುಟ್ಟಿತು.

"ಸಕ್ಕರೆ ಜಾಸ್ತಿ ಆಯ್ತಾ?" ಎಂದ ಅಣ್ಣ.

"ಸ್ವಲ್ಪ" ಎಂದಳು ಸಣ್ಣಿ, ಮತ್ತೆ ಲೋಟವನ್ನು ತುಟಿಗೆ ಒಯ್ದಳು.